ಗಂಗಾನ ಪುಟಕ್ಕೊಂದು ಕಿಂಡಿ

ನಿಜಗುಣಪ್ಪ ಮಾಸ್ತರು ಒಮ್ಮೆ ಹೇಳಿದ್ರಂದ್ರ ಮುಗೀತು, ಅದನ್ನ ತಿರಗಿ ತಿದ್ದಾಕ ಅವರಿಗೂ ಬರತಿದ್ದಿಲ್ಲ. ಬೈಲಹೊಂಗಲದ ಸಾಲ್ಯಾಗ ಗಣಿತ ಕಲಿಸೂ ಮುಂದ, ಒಂದು ಬುಧವಾರ ಪ್ರಾರ್ಥನಾದ ಹೊತ್ತಿನಾಗ ಬಾಯಿತಪ್ಪಿ "ಇವತ್ತು ಗುರುವಾರ" ಅಂದಬಿಟ್ರು. ಹುಡುಗ್ರು ಕಿಸಕ್ಕಂತ ನಕ್ಕವು. ಮಾಸ್ತರು ಮೂಗಿನ ಮ್ಯಾಲೆ ಚಾಳೀಸ ಏರಿಸಿ, "ಮೊದಲ ಏನ್ ಹೇಳೇನಿ, ಅದ" ಅಂದ್ರು. ಹೆಡ್ ಮಾಸ್ತರ ಹಿಡಕೊಂಡು ಗಂಟಿ ಬಾರಿಸೂ ಸಿಪಾಯಿತನಕ ಎಲ್ಲಾರೂ ಗುರುವಾರ ಮಾಡಿದ್ರು. ಆ ವಾರ ಊರಾಗ ಎರಡು ಗುರುವಾರ ಆದ್ವು. ಅವತ್ತ ಹುಟ್ಟಿದ ಕೂಸುಗಳ ಜಾತಕ ಇವತ್ತಿಗೂ ಯಾರ ಜೋಡಿನೂ ಕೂಡೂದಿಲ್ಲ. ನಂಬಲಿಲ್ಲಂದ್ರ ಬಿಡ್ರಿ.

ಇಂಥಾ ಮಾಸ್ತರ ಮಾತು ಕೇಳದ್ದು ಅಂದ್ರ ಅವರ ಕಣ್ಣು. ಎರಡು ಸಾವಿರದ ನಾಕನೇ ಇಸವಿ ಹೊತ್ತಿಗೆ ಬಲಗಣ್ಣು ಪೂರಾ ಹೋಗಿತ್ತು, ಎಡಗಣ್ಣು ಹೋಗೂ ದಾರ್ಯಾಗಿತ್ತು. ಧಾರವಾಡದ ಡಾಕ್ಟರು, "ಕಣ್ಣಾಗಿನ ಒತ್ತಡ ಭಾಳ ಆಗೇತ್ರಿ. ದೀಪಾವಳಿತನಕ ಬಂದ್ರ ಪುಣ್ಯಾ" ಅಂದಿದ್ರು.

"ಬರತೈತಿ ಬಿಡ್ರಿ. ಅಷ್ಟರಾಗ ಒಂದು ಓದೂದೈತಿ" ಅಂದ್ರು ಮಾಸ್ತರು.

ಓದೂದು ಅಂದ್ರ ಪುರಾಣ ಅಲ್ಲ, ಪ್ಯಾಪರ್ ಅಲ್ಲ. ಮಗಳು ಗಂಗಾ ಇಂಟರ್‌ನೆಟ್‌ದಾಗ ಮಾಡಿಟ್ಟ ಒಂದು ಪುಟ. ಅದೂ ಮನಿ ಎಮ್ಮಿ ಮ್ಯಾಲೆ.

ಗಂಗಾ ಮದಿವಿಗಿಂತ ಮೊದಲ ಶಾಕೀರನ ಕಂಪ್ಯೂಟರ್ ಕ್ಲಾಸಿನಾಗ ಕಲಿಸತಿದ್ಲು. ಮಾರ್ಕೆಟ್ ಯಾರ್ಡಿನ ಬಾಜೂಕ, ಬೀಜದ ಅಂಗಡಿ ಮ್ಯಾಲೆ ಕ್ಲಾಸು. ಶಾಕೀರ ಟೆಂಪೋ ಹೊಡಿಯೂ ನಜೀರಸಾಬನ ಮಗ, ಮಾಸ್ತರ ಕೈಯಾಗ ಕಲತಾಂವ. ಪುಟ ಮಾಡಿದ ದಿನ ಗಂಗಾ ಮನಿಗೆ ಓಡಿ ಬಂದು, "ಅಪ್ಪಾ, ಒಮ್ಮೆ ಬಂದು ನೋಡ್ರಿ" ಅಂದ್ಲು. ಮಾಸ್ತರು ಪ್ಯಾಪರಿನಿಂದ ತಲಿ ಎತ್ತಲಾರದ "ಆಮ್ಯಾಲೆ ನೋಡೂಣು" ಅಂದ್ರು.

ಆ ಆಮ್ಯಾಲೆ ಬರೂಕಿಂತ ಮೊದಲ ರಾಮದುರ್ಗದ ವರಾ ಬಂತು. ಗಂಗಾ, "ಎರಡು ವರ್ಷ ತಡೀರಿ ಅಪ್ಪಾ, ಸವದತ್ತಿಯೊಳಗ ನಂದ ಒಂದು ಕ್ಲಾಸ್ ತಗೀತೇನಿ" ಅಂತ ಬಾಗಲದಾಗ ನಿಂತು ಹೇಳಿದ್ಲು. ಆದ್ರ ಮಾಸ್ತರು ರಾಮದುರ್ಗದವರಿಗೆ ಹೂಂ ಅಂದಾಗಿತ್ತು. "ಮೊದಲ ಏನ್ ಹೇಳೇನಿ, ಅದ" ಅಂದ್ರು. ಗಂಗಾ ತಿರಗಿ ಮಾತಾಡಲಿಲ್ಲ. ರಾಮದುರ್ಗಕ್ಕ ಹೋಗಿ ಎರಡನೇ ಮಳಿಗಾಲಕ್ಕ ಆಕಿಗೆ ಕಣ್ಣು ಹಳದಿಯಾಗಿ ಕಾಮಣಿ ಆತು. ಮನ್ಯಾಗ ಗಿಡದ ಔಷಧ ಕುಡಿಸಿದ್ರು. ಬೆಳಗಾವಿ ದವಾಖಾನಿ ಮುಟ್ಟೂದ್ರಾಗ ಹೋದ್ಲು.

ಪುಟ ಮಾತ್ರ ಇದ್ದಲ್ಲೇ ಇತ್ತು. ಹಸರು ಬಣ್ಣದ ಮ್ಯಾಲೆ ಹಳದಿ ಅಕ್ಷರ, ಒಂದೊಂದು ಸಾಸಿವಿ ಕಾಳಿನಷ್ಟು. ಆಗಿನ ಬ್ರೌಸರಿನಾಗ ಅಕ್ಷರ ದೊಡ್ಡದು ಮಾಡಾಕ ಹೋದ್ರ ಅವು ಜಪ್ಪಯ್ಯ ಅಂದ್ರೂ ಆಗತಿದ್ದಿಲ್ಲ. ಭೂತಗನ್ನಡಿ ಹಿಡದ್ರ ಅಕ್ಷರ ಒಡದು ಬರೇ ಚುಕ್ಕಿ ಕಾಣತಿದ್ವು.

"ಶಾಕೀರನ ಕೈಲೆ ಓದಿಸಿ ಕೇಳ್ರಲ್ಲ, ಅದಕ್ಯಾಕ ಇಷ್ಟು ಒದ್ದಾಟ?" ಅಂದ್ಲು ಹೆಂಡ್ತಿ ಗುರುಬಸವ್ವ.

"ಆಕಿ ನನಗ ನೋಡ್ರಿ ಅಂದಿದ್ಲು. ಕೇಳ್ರಿ ಅಂದಿದ್ದಿಲ್ಲ."

ಗುರುಬಸವ್ವ ಸೆರಗಿನಿಂದ ಮೂಗು ಒರಸಿಕೊಂಡು ಒಳಗ ಹೋದ್ಲು.

ಶಾಕೀರ ಒಂದು ಉಪಾಯ ಹೇಳಿದ. "ಪುಟದ ನಕಲು ತಗೊಂಡು ಅದ್ರಾಗ ಅಕ್ಷರ ದೊಡ್ಡದು ಮಾಡಿಬಿಡ್ತೇನ್ರಿ ಮಾಸ್ತರ. ಚಾ ಕುಡಿಯೂದ್ರಾಗ ಆಕ್ಕೈತಿ."

"ಆಕಿ ಬರದದ್ದಕ್ಕ ಕೈ ಹಚ್ಚಬ್ಯಾಡ."

"ಹಂಗಾದ್ರ ಕಿಂಡಿ ಮಾಡಬೇಕಾಕ್ಕೈತ್ರಿ."

ಕಿಂಡಿ ಅಂದ್ರ ಏನಂತ ಹೇಳಬೇಕಾದ್ರ, ಮೊದಲ ಶಾಕೀರನ ಹುಚ್ಚು ಹೇಳಬೇಕು. ಅಂವಾ ಮತ್ತ ಗಂಗಾ ಕೂಡಿ ತಮ್ಮದ ಒಂದು ಬ್ರೌಸರ್ ಎಂಜಿನ್ ಕಟ್ಟಾಕ ಹತ್ತಿದ್ರು. ಎಲ್ಲೆಲ್ಲಿಂದೋ ಪುಟ ತಂದು ಪಡದೆ ಮ್ಯಾಲೆ ಬಿಡಿಸಿ ತೋರಸೂ ಯಂತ್ರ ಅದು. ಅಮೇರಿಕಾದಾಗ ಇಂಥಾದ್ದಕ್ಕ ನೂರಾರು ಮಂದಿ ಕೂಡತಾರಂತ. ಬೈಲಹೊಂಗಲದಾಗ ಇದ್ದವರು ಇಬ್ರು, ಅದ್ರಾಗ ಒಬ್ಬಾಕಿ ತೀರ್ಕೊಂಡಿದ್ಲು. ಎಂಜಿನ್ನಿನ ಜೋರು ಹೆಂಗಿತ್ತಂದ್ರ, ಒಂದು ಪುಟ ಬಿಡಸಾಕ ಹಚ್ಚಿ, ಕಿತ್ತೂರ ಬಸ್ ಹತ್ತಿ ಹೋಗಿ, ಹೈವೇದ ಮ್ಯಾಲೆ ಚಾ ಕುಡದು ಹೊಳ್ಳಿ ಬಂದ್ರ ಎಮ್ಮಿ ಫೋಟೋ ಅರ್ಧಾ ಬಂದಿರತಿತ್ತು. ಅದೂ ಹಿಂದಿನ ಅರ್ಧಾ.

"ಪ್ರತಿಯೊಂದು ಪುಟಕ್ಕ ಒಂದು ಸ್ಟೈಲ್ ಶೀಟ್ ಇರತೈತ್ರಿ" ಅಂತ ಶಾಕೀರ ತಿಳಿಸಿ ಹೇಳಿದ. "ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ಬಣ್ಣ ಅಂತ ಅದ್ರಾಗ ನಿಯಮ ಬರದಿರತಾರ. ನಮ್ಮ ಎಂಜಿನ್ ಅದನ್ನ ಓದತೈತಿ, ಆದ್ರ ಹೊರಗಿಂದ ಅದ್ರಾಗ ಕೈ ಹಾಕಾಕ ಕಿಂಡಿ ಇಲ್ಲ. ಕಿಂಡಿ ಮಾಡಿದೆವಂದ್ರ, ಒಳಗಿನ ನಿಯಮ ಎಣಸಬಹುದು, ಹೊಸಾದೊಂದು ಸೇರಸಬಹುದು, ಬ್ಯಾಡಂದ್ರ ತಗೀಬಹುದು. ಗಂಗಾ ಅಕ್ಕ ಬರದದ್ದು ಇದ್ದಂಗ ಇರತೈತಿ."

"ಮಾಡು" ಅಂದ್ರು ಮಾಸ್ತರು.

ಶ್ರಾವಣದಾಗ ಹತ್ತಿದ ಕೆಲಸ. ಮಾಸ್ತರು ದಿನಾ ಮಧ್ಯಾಹ್ನ ಊಟ ಮಾಡಿ, ಗ್ವಾಡಿ ಹಿಡಕೊಂಡು ಪಾವಟಿಗಿ ಏರಿ ಬಂದು ಬಾಜೂಕ ಕೂಡತಿದ್ರು. ಕರೆಂಟು ಮಾತ್ರ ದಿನಾ ಒಮ್ಮೆ ಎದ್ದು ಹೋಗತಿತ್ತು. ಸಿರಸಂಗಿ ಕಾಳಿಕಾದೇವಿಗೆ ಕಾಯಿ ಒಡಿಸಿಕೊಂಡ ಬರಾಕ ಹೋಗೈತಿ ಅಂತ ಶಾಕೀರ ನಗತಿದ್ದ. ದಸರಾ ಮುಂದಿದ್ದಾಗ ಕಿಂಡಿ ಆತು. ಅಕ್ಷರ ದೊಡ್ಡದಾಗಲಿ, ಕರ್ರಗಾಗಲಿ, ಹಿಂದಿನ ಬಣ್ಣ ಬೆಳ್ಳಗಾಗಲಿ ಅಂತ ಹೊಸಾ ನಿಯಮ ಬರದು ಸೇರಿಸಿದ.

ಏನೂ ಆಗಲಿಲ್ಲ. ಹಸರು ಹಸರಾಗೇ ಕುಂತಿತ್ತು.

"ಸೇರಿಲ್ಲೇನಲೇ?"

"ಸೇರೇತ್ರಿ. ಎಣಿಸಿದ್ರ ಒಂದು ಹೆಚ್ಚ ತೋರಸತೈತಿ. ಆದ್ರ ಅದರ ಮಾತು ಯಾರೂ ಕೇಳವಲ್ರು."

"ಸಣ್ಣ ಸೊಸಿ ಆತಲ್ಲೋ ಇದು" ಅಂದ್ರು ಮಾಸ್ತರು. "ಮನ್ಯಾಗ ಅದಾಳ, ರೊಟ್ಟಿ ಬಡೀತಾಳ, ಮಾತಿಗೆ ಕಿಮ್ಮತ್ತಿಲ್ಲ." ಹೇಳಿ ತಾವ ನಕ್ರು. ಶಾಕೀರ ನಗಲಿಲ್ಲ.

ದಸರಾ ಹೋತು. ಮಾಸ್ತರ ಎಡಗಣ್ಣಿಗೆ ಈಗ ಎದುರಿಗೆ ಕುಂತಾಂವನ ಮೂಗು ಕಾಣತಿತ್ತು, ಮಾರಿ ಕಾಣತಿದ್ದಿಲ್ಲ. ಶಾಕೀರ ಕಿಂಡಿ ಬಿಚ್ಚಿ ಕಟ್ಟಿದ, ಕಟ್ಟಿ ಬಿಚ್ಚಿದ. ಒಂದು ಮಧ್ಯಾಹ್ನ ಕೀಲಿಮಣಿ ಬಡಿಯೂದು ಒಮ್ಮೆಲೆ ನಿಂತಿತು. ಅಂವಾ ಎದ್ದು ಚಾ ತರತೇನಿ ಅಂತ ಹ್ವಾದ. ಬರೇ ಕೈಲೆ ಬಂದ.

"ಏನ್ ಸಿಕ್ತು, ಹೇಳಲೇ."

"ತಪ್ಪು ಕಿಂಡ್ಯಾಗಿಲ್ರಿ. ಅದರ ಹಿಂದ ಐತಿ. ಒಂದ ಅಕ್ಷರಕ್ಕ ಎರಡು ನಿಯಮ ಎದುರಾಬದುರು ನಿಂತ್ರ, ಎರಡೂ ಸರಿಸಮ ಇದ್ರ, ಜಗತ್ತಿನಾಗ ಎಲ್ಲಾ ಕಡೆ ಆಮ್ಯಾಲೆ ಬಂದದ್ದು ಗೆಲ್ಲತೈತ್ರಿ. ನಮ್ಮದ್ರಾಗ ಮೊದಲ ಬಂದದ್ದು ಗೆಲ್ಲಾಕತ್ತೈತಿ. ಇಷ್ಟು ದಿನಾ ನಮಗ ಗೊತ್ತಾಗಿದ್ದಿಲ್ಲ. ಎದುರು ಮಾತಾಡೂ ನಿಯಮ ಯಾವತ್ತೂ ಹಾಕೇ ನೋಡಿದ್ದಿಲ್ಲ."

"ಯಾರವ ಅದನ್ನ ಬರದ ಶಾಣ್ಯಾ?"

"ಗಂಗಾ ಅಕ್ಕಾರ್ರಿ."

"ಆಕಿ ಹಂಗ ತಪ್ಪೂ ಹುಡುಗಿ ಅಲ್ಲ. ಲೆಕ್ಕದಾಗ ನನ್ನ ತಪ್ಪ ಹಿಡಿಯಾಕಿ ಆಕಿ."

"ತಪ್ಪು ಅಂತ ಅನಿಸಿದ್ರ ಅಲ್ಲೇನ್ರಿ ಪುಸ್ತಕ ತಗದ ನೋಡೂದು? ಮೊದಲ ಬಂದದ್ದ ಗೆಲ್ಲೂದು, ಇದನ್ನೇನ್ ಕೇಳೂದು ಅಂತ ಹಂಗ ಬರದಾರ. ಯಾಕಂದ್ರ..." ಶಾಕೀರ ನೆಲಾ ನೋಡಿದ. "ನಿಮ್ಮ ಮನ್ಯಾಗ ಬೆಳದವರು ಅಲ್ಲೇನ್ರಿ ಮಾಸ್ತರ."

ಅಂದಮ್ಯಾಲೆ ಅಂವಗ ನಾಲಿಗಿ ಕಚ್ಚಿಕೊಳ್ಳೂಹಂಗ ಆತು. ಕೆಳಗ ಯಾರ್ಡಿನಾಗ ಹತ್ತಿ ಅಂಡಗಿ ಇಳಸೂ ಹಮಾಲರ ಗದ್ದಲ ಕೇಳತಿತ್ತು. ಮಾಸ್ತರು ಕಾಣದ ಕಣ್ಣಿಂದ ಪಡದೆ ಕಡೆ ನೋಡಕೋತ ಕುಂತಬಿಟ್ರು. ಬಾಗಲದಾಗ ನಿಂತಾಕಿ ಅವರಿಗೆ ಈಗ ಕಾಣತಿರಬೇಕು. ಎರಡು ವರ್ಷ ತಡೀರಿ ಅಂದಾಕಿ.

"ತಿದ್ದು" ಅಂದ್ರು.

"ಅಕ್ಕ ಬರದದ್ದಕ್ಕ ಕೈ ಹಚ್ಚಬ್ಯಾಡ ಅಂದಿದ್ರಿ."

"ಅದು ಮೊದಲ ಹೇಳಿದ್ದು. ಇದು ಆಮ್ಯಾಲೆ ಹೇಳಾಕತ್ತೇನಿ. ತಿದ್ದು."

ಬೈಲಹೊಂಗಲದಾಗ ಆ ಮಾತು ಕೇಳಿದಾಂವ ಶಾಕೀರ ಒಬ್ಬನ. ಹೊರಗ ಹೇಳಿದ್ರ ಯಾರೂ ನಂಬತಿದ್ದಿಲ್ಲ, ಅದಕ್ಕ ಅಂವಾ ಹೇಳಲೂ ಇಲ್ಲ.

ಒಂದ ಸಾಲಿನ ಕೆಲಸ. ಆತು. ಪುಟ ನಿಧಾನಕ ಬೆಳ್ಳಗಾತು, ಒಂದೊಂದು ಅಕ್ಷರ ಕರುವಿನಷ್ಟು ದೊಡ್ಡದಾಗಿ, ಕರ್ರಗ, ಮ್ಯಾಲಿಂದ ಇಳಕೋತ ಬಂತು. ಮಾಸ್ತರು ಪಡದೆಗೆ ಮೂಗು ಹಚ್ಚಿ, ಎಡಗಣ್ಣು ಅಕ್ಷರದ ಮ್ಯಾಲೆ ಇಟ್ಟು, ಒಂದನೆತ್ತಿ ಸಾಲಿ ಹುಡುಗನಂಗ ಕೂಡಿಸಿ ಓದಿದ್ರು.

"ನಮ್ಮ ಮನ್ಯಾಗ... ಎಲ್ಲಾರೂ ಅಪ್ಪನ ಮಾತು... ಕೇಳತೇವಿ. ಎಮ್ಮಿ ಒಂದ... ಕೇಳೂದಿಲ್ಲ. ಅದಕ್ಕ ಈ ಪುಟ... ಎಮ್ಮೀದು."

ಮಾಸ್ತರು ನಕ್ರು. ಹೊಟ್ಟಿ ಹಿಡಕೊಂಡು ನಕ್ರು. ಖರೇನ, ಆ ಎಮ್ಮಿ ಬಾ ಅಂದ್ರ ಹೋಗತಿತ್ತು, ನಿಂದ್ರು ಅಂದ್ರ ಕೂಡತಿತ್ತು. ನಕ್ಕೋತ ನಕ್ಕೋತ ನಗಿ ಎಲ್ಲಿ ಮುಗೀತು, ಮುಂದಿಂದು ಎಲ್ಲಿ ಹತ್ತಿತು ಗೊತ್ತಾಗಲಿಲ್ಲ. ಶಾಕೀರ ಗ್ವಾಡಿ ಮ್ಯಾಗಿನ ಕ್ಯಾಲೆಂಡರ್ ಓದಕೋತ ನಿಂತ.

ಸ್ವಲ್ಪ ಹೊತ್ತಾದಮ್ಯಾಲೆ ಮಾಸ್ತರು ಧೋತರದ ಚುಂಗಿಲೆ ಮಾರಿ ಒರಸಿಕೊಂಡ್ರು. "ಶಾಕೀರಾ, ಈ ಬೆಳ್ಳಂದು, ಕರೇದು, ಇದು ಆಕಿ ಹಚ್ಚಿದ ಬಣ್ಣೇನು?"

"ಅಲ್ರಿ. ಅದು ನಾವು ಸೇರಿಸಿದ್ದು. ಅಕ್ಕಾಂದು ಹಸರು."

"ಹಂಗಾದ್ರ ನಮ್ಮದು ತಗೀ."

"ತಗದ್ರ ನಿಮಗ ಏನೂ ಕಾಣೂದಿಲ್ರಿ."

"ಓದೇನಲ್ಲ. ಇನ್ನ ಆಕಿ ಹೇಳಿದಂಗ ಇರಲಿ."

ಶಾಕೀರ ಕಿಂಡ್ಯಾಗ ಕೈ ಹಾಕಿ ಆ ಒಂದು ನಿಯಮ ತಗದ. ದೊಡ್ಡ ಅಕ್ಷರ ಹೋದ್ವು. ಹಸರು ಹೊಳ್ಳಿ ಬಂತು. ಅದರ ಮ್ಯಾಲಿನ ಹಳದಿ ಮಾಸ್ತರಿಗೆ ಕಾಣಲಿಲ್ಲ. ಕುರ್ಚಿ ಮುಂದ ಜರಗಿಸಿಕೊಂಡು, ತೊಡಿ ಮ್ಯಾಲೆ ಕೈ ಇಟಗೊಂಡು, ಆ ಹಸರಿನ ಮುಂದ ಕುಂತ್ರು.

"ಕರೆಂಟ್ ಹೋದ್ಮ್ಯಾಲೆ ಮನಿಗೆ ಹೋಗತೇನಿ" ಅಂದ್ರು.

ಅವತ್ತ ಕರೆಂಟ್ ಹೋಗಲೇ ಇಲ್ಲ.