ಗೇಟಿನ ಮೇಲಿನ ಮೇಸ್ತ್ರಿ

ಮೇಸ್ತ್ರಿ ಸತ್ತ ಮೇಲೆ ಸಾಹುಕಾರನಿಗೆ ಅವರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ವೆಲ್ಡಿಂಗ್ ಮುಖವಾಡದ ಒಡೆದ ಗಾಜು ಬದಲಾಯಿಸಿಕೊಡಿ ಎಂದು ಕೇಳಿ ಕೇಳಿ ಮೇಸ್ತ್ರಿಯ ನಾಲಿಗೆ ಒಣಗಿತ್ತು. ಕೊನೆಗೆ ವೆಲ್ಡಿಂಗಿನ ಬೆಳಕು ಎರಡೂ ಕಣ್ಣು ತಿಂದಾಗ, ಇನ್ನು ಮನೆಯಲ್ಲಿ ಆರಾಮಾಗಿರಿ ಎಂದು ಬಾಗಿಲು ತೋರಿಸಿದವನು ಇದೇ ಸಾಹುಕಾರ. ಈಗ ವರ್ಕ್‌ಶಾಪಿನ ಗೇಟಿನ ಮೇಲೆ ಕಬ್ಬಿಣದ ಕಮಾನಂತೆ, ಅದರ ಮೇಲೆ ‘ನಮ್ಮ ಮೇಸ್ತ್ರಿ’ ಎಂಬ ಅಕ್ಷರಗಳಂತೆ, ನಾಳೆಯೇ ಸಮಾರಂಭವಂತೆ!

ಕಮಾನಿನ ಕೆಲಸ ವರ್ಕ್‌ಶಾಪಿನ ಹುಡುಗ ಕಿಡಿಯ ತಲೆಗೆ ಬಂತು. ಶಾಲೆ ಬಿಟ್ಟು ಬೀದಿ ಅಳೆಯುತ್ತಿದ್ದವನನ್ನು ಕರೆದು ಕೆಲಸ ಕಲಿಸಿದವರು, ಮೂಗಿನ ತುದಿಯ ಸಿಟ್ಟು ನೋಡಿ ಆ ಹೆಸರಿಟ್ಟವರೂ ಮೇಸ್ತ್ರಿಯೇ.

“ಪೂರ್ತಿ ವೆಲ್ಡ್ ಬೇಡ ಕಣೋ. ಅಲ್ಲಲ್ಲಿ ಚುಕ್ಕಿ ಹೊಡೆದು ಪೇಂಟ್ ಬಳಿ,” ಎಂದ ಸಾಹುಕಾರ.

“ಬಿದ್ದೋಗತ್ತೆ ಸಾಹುಕಾರ್ರೇ.”

“ಫೋಟೋ ತೆಗೆಯೋ ತನಕ ನಿಂತ್ರೆ ಸಾಕು.”

“ಮೇಸ್ತ್ರಿ ಇದ್ದಿದ್ರೆ ಒಪ್ತಿರಲಿಲ್ಲ.”

“ಇಲ್ವಲ್ಲಪ್ಪ ಈಗ!”

ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಕಿಡಿ ಹಲ್ಲು ಕಚ್ಚಿಕೊಂಡು ಚುಕ್ಕಿ ಹೊಡೆದ.

ಮರುದಿನ ಮೇಸ್ತ್ರಿಯ ಹೆಂಡತಿ ಮುಂದಿನ ಕುರ್ಚಿಯಲ್ಲಿದ್ದರು. ಸಾಹುಕಾರ ಮೈಕಿನಲ್ಲಿ ಗದ್ಗದಿತನಾದ: “ನನಗೆ ತಂದೆಯ ಹಾಗಿದ್ರು. ಅವರು ಕಲಿಸಿದ ಕೈಗಳೇ ಈ ಕಮಾನು ಮಾಡಿವೆ!”

ಅಲ್ಲಿಗೆ ಕಿಡಿಯ ತಾಳ್ಮೆ ಮುಗಿಯಿತು. ಯಾವ ಕೆಲಸವೇ ಇರಲಿ, ಗಿರಾಕಿಯ ಕಣ್ಣೆದುರು ಬೆಸುಗೆಗೆ ಸುತ್ತಿಗೆಯಿಂದ ಬಲವಾಗಿ ಹೊಡೆದು ತೋರಿಸದೆ ಮೇಸ್ತ್ರಿ ಗೇಟು ದಾಟಿಸಿದವರಲ್ಲ. “ತಡೆದರೆ ತಗೊಂಡು ಹೋಗಿ, ಬಿಟ್ಟರೆ ನನ್ನ ಮುಖಕ್ಕೆ ಉಗೀರಿ” ಎನ್ನುತ್ತಿದ್ದರು. ಕಿಡಿ ಸುತ್ತಿಗೆ ಹಿಡಿದು ಏಣಿ ಹತ್ತಿದ.

“ಕೆಳಗಿರೋರು ಸ್ವಲ್ಪ ಸರೀರಿ.”

ಒಂದೇ ಏಟು. ಅಕ್ಷರಗಳು ಒಂದರ ಹಿಂದೊಂದು ದಬದಬ ಉದುರಿದವು.

“ಕತ್ತೆ! ನನ್ನ ಮಾನ ತೆಗೆದೆಯಲ್ಲೋ!”

“ಇತ್ತಾ, ತೆಗೆಯೋಕೆ?”

ಹಿಂದೆ ನಿಂತಿದ್ದ ಕೆಲಸದವರು ಕಿಸಕ್ಕನೆ ನಕ್ಕರು. ಸಾಹುಕಾರ ಅಲ್ಲೇ ಅವನನ್ನು ಕೆಲಸದಿಂದ ಕಿತ್ತುಹಾಕಿದ. ಕಿಡಿ ಕೇರ್ ಮಾಡಲಿಲ್ಲ. ಇಳಿದವನೇ ನೇರ ಮೇಸ್ತ್ರಿಯ ಹೆಂಡತಿಯ ಮುಂದೆ ನಿಂತ.

“ಸುಳ್ಳು ಬೆಸುಗೆ ಅಮ್ಮ. ಅವರ ಹೆಸರಿಗೆ ಸುಳ್ಳು ಬೆಸುಗೆ.”

“ನನಗೇನು ಗೊತ್ತಿಲ್ವೇನೋ ಇವನ ಬುದ್ಧಿ?” ಎಂದರು ಆಕೆ. ದನಿ ಏರಲಿಲ್ಲ. “ಅವರ ಹೆಸರು ಎಲ್ಲಾದರೂ ಒಂದು ಕಡೆ ಮೇಲಿರೋದನ್ನ ನೋಡೋಣ ಅಂತ ಬಂದಿದ್ದೆ. ಒಂದು ಗಳಿಗೆ ತಡ್ಕೋಬಾರದಿತ್ತಾ?”

ಎದ್ದು, ಬಿದ್ದ ಅಕ್ಷರಗಳನ್ನು ತುಳಿಯದಂತೆ ನೋಡಿಕೊಂಡು ಹೆಜ್ಜೆಯಿಟ್ಟು, ಗೇಟು ದಾಟಿದರು. ಕಿಡಿ “ಅಮ್ಮಾ” ಎಂದು ಕೂಗಿದ. ಆಕೆ ತಿರುಗಲಿಲ್ಲ.