ಲಾಲಸಾಬರ ಬೀವಿ

ಪ್ಯಾರಿಬಿಯ ಕೊನೆಯ ಸ್ನಾನಕ್ಕೆಂದು ಚಂದಮ್ಮ ಎರಡನೆಯ ಕೊಡ ನೀರು ತಂದು ಇಳಿಸುತ್ತಿದ್ದಳು. ಅಷ್ಟರಲ್ಲಿ ಮಸೀದಿಯ ಮೈಕು ಗೊಬ್ಬೂರಿಗೆಲ್ಲ ಸುದ್ದಿ ಹೇಳಿತು.

"ಲಾಲಸಾಬರ ಬೀವಿ ತೀರಿಕೊಂಡಾರ. ಮಧ್ಯಾಹ್ನದ ನಮಾಜ್ ಆದಮ್ಯಾಲ ಮಣ್ಣು."

ಕೊಡ ತುಳುಕಿ ಚಂದಮ್ಮನ ಸೀರೆ ನೆನೆಯಿತು. ಹೆಣ್ಣುಮಕ್ಕಳ ರೈತ ಸಂಘ ಕಟ್ಟಿ ಇಪ್ಪತ್ತು ವರ್ಷ ಮುಂದೆ ನಿಂತವಳು, ಯಡ್ರಾಮಿಯ ತನಕ ಊರೂರು ತಿರುಗಿ ಹೆಂಗಸರನ್ನು ಕೂಡಿಸಿದವಳು, ಪ್ಯಾರಿಬಿ ಕೊನೆಗೆ ಬರೀ ಗಂಡನ ಬೀವಿಯಾಗಿ ಹೋದಳಲ್ಲ ಎಂದು ಅವಳಿಗೆ ಸಂಕಟವಾಯಿತು.

"ನಿಮ್ಮವ್ವನ ಹೆಸರೇ ಹೇಳಲಿಲ್ಲಲ್ಲ ಬೇ," ಎಂದು ಚಂದಮ್ಮ ಪ್ಯಾರಿಬಿಯ ಮಗಳು ಯಾಸ್ಮೀನಳಿಗೆ ಹೇಳಿದಳು.

"ಅದು ರಿವಾಜ ಚಿಗವ್ವ. ನಮ್ಮಜ್ಜಿ ಸತ್ತಾಗೂ ಹಂಗೇ ಹೇಳಿದ್ರು."

*

ಸಂಘ ಕಟ್ಟಿದ ಹೊಸದರಲ್ಲಿ, ಆಲಿಕಲ್ಲು ಬಿದ್ದು ತೊಗರಿ ಹಾಳಾದ ವರ್ಷ. ಪರಿಹಾರದ ಅರ್ಜಿ ಹಿಡಿದು ತಹಶೀಲ ಕಚೇರಿಗೆ ಹೋದ ಹೆಂಗಸರಿಗೆ ಗುಮಾಸ್ತನೊಬ್ಬ, "ನಿಮ್ಮ ಗಂಡಸರನ್ನ ಕಳಸ್ರಿ," ಅಂದ. ಪ್ಯಾರಿಬಿ ಕಚೇರಿಯ ಮೆಟ್ಟಿಲ ಮೇಲೆ ಕೂತೇಬಿಟ್ಟಳು.

"ಒಬ್ಬೊಬ್ರೇ ಎದ್ದು ನಿಂತು ಹೆಸರ ಹೇಳ್ರಿ. ಬರಕೊಳ್ಳೂತನಕ ಹೋಗಂಗಿಲ್ಲ."

ಚಂದಮ್ಮ ತನ್ನ ಸರದಿ ಬಂದಾಗ ಸೆರಗು ಹೊದ್ದು ಎದ್ದು ನಿಂತಳು. "ಅಣ್ಣಾರಾಯನ ಹೆಂಡತಿ ರೀ."

"ಅಂವ ಎಲ್ಲಿ ಬಂದಾನ ಬೇ? ಬಂದಾಕಿ ನೀ. ನಿನ್ನ ಹೆಸರ ಹೇಳು," ಎಂದು ಪ್ಯಾರಿಬಿ ಗದರಿದಳು.

ಅಂದಿನಿಂದ ಸಂಘದಲ್ಲಿ ಅದೇ ಕಟ್ಟಳೆ. ಹೆಸರು ಕರೆದರೆ ಎದ್ದು ನಿಲ್ಲಬೇಕು. ಮೊಣಕಾಲು ನೋವೆಂದು ಗೋಳಾಡಿದರೂ ಪ್ಯಾರಿಬಿ ಬಿಡುತ್ತಿರಲಿಲ್ಲ, ಮಹಾ ಹಟಮಾರಿ.

*

ಲಾಲಸಾಬ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಕೂತಿದ್ದ. ಚಂದಮ್ಮ ಕೊಡ ಇಟ್ಟು ಅವನ ಹತ್ತಿರ ಬಂದಳು.

"ಲಾಲಸಾಬಣ್ಣ, ಮೈಕಿನ್ಯಾಗ ಆಕೀನ ಹೆಸರ ಹೇಳಸ್ರಿ. ಇದೊಂದು ಮಾಡ್ರಿ."

ಅವನು ತಲೆ ಎತ್ತಲಿಲ್ಲ. "ನಲವತ್ತ ವರ್ಷ ನಾನೂ ಆಕೀನ ಹೆಸರ ಹಿಡದು ಕರದಿಲ್ಲವ್ವ. 'ಯಾಸ್ಮೀನಳ ಅಮ್ಮಾ' ಅಂತಿದ್ದೆ. ಒಮ್ಮೆರೆ ಹೆಸರ ಹಿಡದು ಕರೀರಿ ಅಂತ ಕೇಳಿದ್ಲು. ನನಗ ನಾಚಿಕಿ ಬಂತು."

ಆಮೇಲೆ ಟೋಪಿ ಸರಿ ಮಾಡಿಕೊಂಡು, ಗೋಡೆ ಹಿಡಿಯುತ್ತ ಮಸೀದಿಯ ಕಡೆ ನಡೆದ.

ಸ್ನಾನ ಮುಗಿದು ಬಿಳಿ ಬಟ್ಟೆ ಸುತ್ತಿದ್ದರು. ಸಂಘದ ಹೆಂಗಸರ ಜೊತೆ ಚಂದಮ್ಮ ಅಂಗಳದಲ್ಲಿ ಕೂತಿದ್ದಾಗ ಮೈಕು ಗೊರಗೊರ ಅಂದಿತು.

"ಪ್ಯಾರಿಬಿ..."

ಲಾಲಸಾಬನ ದನಿ. ಮುಂದಿನ ಮಾತು ಬರಲಿಲ್ಲ, ಬರೀ ಬಿಕ್ಕುವ ಸದ್ದು ಊರ ಮೇಲೆಲ್ಲ ಹರಿಯಿತು. ಮತ್ತೆ, "ಪ್ಯಾರಿಬೀ..."

ಚಂದಮ್ಮ ಎದ್ದು ನಿಂತಳು. ಮೊಣಕಾಲು ಹಿಡಿದುಕೊಂಡು ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಎದ್ದರು. ಬಿಳಿ ಬಟ್ಟೆಯಲ್ಲಿ ಮಲಗಿದ್ದವಳೊಬ್ಬಳು ಮಾತ್ರ ಏಳಲಿಲ್ಲ.