ಆರೋಗ್ಯವಂತ ಒಸಡಿನ ಚೂರು

೧

ಎಲ್ಲಿಂದ ಶುರುಮಾಡಲಿ? ಪ್ರಯೋಗಾಲಯದಿಂದಲೋ, ಬಾಯಿಯಿಂದಲೋ? ಬಾಯಿ ಬೇಡ. ಪ್ರಯೋಗಾಲಯವೇ ಇರಲಿ, ಅಲ್ಲಿ ಏಸಿ ಇದೆ, ಓದುಗರಿಗೂ ತಂಪು.

ನಮ್ಮ ನಾಯಕಿ, ಬಾಯಿ ಕ್ಯಾನ್ಸರಿನ ಶಂಕೆಯಿರುವವರ ಮಾಂಸದ ಚೂರುಗಳಿಗೆ ಬಣ್ಣ ಹಾಕುವವಳು. ಕೆಡಲು ಹೊರಟ ಜೀವಕೋಶಗಳಲ್ಲಿ ಒಂದು ಪ್ರೋಟೀನ್ ಕೂಡಿಕೊಳ್ಳುತ್ತದೆ. ಅದು ಇದ್ದಲ್ಲಿ ಗಾಜಿನ ಮೇಲೆ ಕಂದು, ಇಲ್ಲದಿದ್ದರೆ ಬರೀ ನೀಲಿ. ಹುಣ್ಣು ಕಣ್ಣಿಗೆ ಬೀಳುವ ಮೊದಲೇ ಅದು ಚಾಡಿ ಹೇಳಿಬಿಡಬಹುದು. ಬಣ್ಣ ಸರಿಯಿದೆಯೇ ಎಂದು ತಿಳಿಯಲು ಪಕ್ಕದಲ್ಲಿ ಆರೋಗ್ಯವಂತರೊಬ್ಬರ ಚೂರನ್ನೂ ಇಡುತ್ತಾರೆ. ಅದು ನೀಲಿಯಾಗಿಯೇ ಉಳಿಯಬೇಕು.

(ಪಾಠ ಮುಗಿಯಿತು. ಎದ್ದು ಹೋಗಬೇಡಿ.)

೨

ಈ ಸಲ ಆ ಚೂರೇ ಕಂದು ಬಣ್ಣಕ್ಕೆ ತಿರುಗಿತು.

ಹಳೆಯ ಚೂರು ಮುಗಿದಿತ್ತು. ತನ್ನ ಅಣ್ಣ ಬುದ್ಧಿಹಲ್ಲು ಕೀಳಿಸಿಕೊಂಡಾಗ ಜೊತೆಗೆ ಬಂದ ಒಸಡನ್ನು ಆಕೆ ದಂತವೈದ್ಯರಿಂದ ಕೇಳಿ ತಂದಿದ್ದಳು. ನಮ್ಮಣ್ಣನದೇ ಅಲ್ಲವೇ ಎಂದು, ಪರೀಕ್ಷಿಸದೆ, 'ಆರೋಗ್ಯವಂತ' ಎಂಬ ಚೀಟಿ ಅಂಟಿಸಿಬಿಟ್ಟಿದ್ದಳು. ಈಗ ಬಣ್ಣವೇ ಕೆಟ್ಟಿರಬೇಕೆಂದು ಹೊಸ ಶೀಶೆ ತೆರೆದಳು. ಮತ್ತೆ ಕಂದು. ವಿಚಿತ್ರವೆಂದರೆ ಅಂದು ರೋಗಿಗಳ ಚೂರುಗಳೆಲ್ಲ ತಣ್ಣಗೆ ನೀಲಿಯಾಗಿದ್ದವು.

೨ (ತಿದ್ದಿದ್ದು)

ಹಾಗಲ್ಲ. ಚೀಟಿ ಅದಲುಬದಲಾಗಿತ್ತು, ಚೂರು ಬೇರೆ ಯಾರದೋ. ಎಲ್ಲರೂ ನಕ್ಕರು. ಶುಭಂ.

"ಯಾರದೋ ಅಂದ್ರೆ ಯಾರ್ದು?" ನಾಯಕಿ ಪುಟದೊಳಗಿಂದಲೇ ಕೇಳಿದಳು. "ನಿನ್ನ ಭಯಾನ ಇನ್ನೊಬ್ರ ಬಾಯಿಗೆ ತುರುಕ್ತೀಯಾ, ಅಣ್ಣಾ?"

(ಅಣ್ಣಾ ಅಂದೇಬಿಟ್ಟಳು. ಆ ಗುಟ್ಟನ್ನು ನಾನು ಕೊನೆಗೆಂದು ಇಟ್ಟುಕೊಂಡಿದ್ದೆ.)

೩

ಇನ್ನೊಂದು ಅಂತ್ಯ: ತಂಗಿ ನನಗೆ ಏನೂ ಹೇಳುವುದಿಲ್ಲ.

ಆಗದು. ಅವಳು ಬಂದಾಗಿದೆ. ಕಥೆಯಲ್ಲಲ್ಲ, ನನ್ನ ಕೋಣೆಯ ಬಾಗಿಲಲ್ಲಿ, ಟಾರ್ಚ್ ಹಿಡಿದು ನಿಂತಿದ್ದಾಳೆ.

"ಬಣ್ಣ ಬಂದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ. ಡಾಕ್ಟ್ರು ನೋಡ್ಬೇಕು. ಮೊದ್ಲು ಬಾಯಿ ತೆಗಿ, ನಾನು ನೋಡ್ತೀನಿ."

"ಈ ಪ್ಯಾರಾ ಮುಗಿಸ್ತೀನಿ ಕಣೇ." ಹಲ್ಲು ಕಚ್ಚಿಕೊಂಡೇ ಹೇಳಿದೆ.

"ಬೆಳಗ್ಗೆಯಿಂದ ಅದೇ ಪ್ಯಾರಾ ಬರೀತಿದ್ದೀಯ."

ನನಗೆ ಭಯವಾಗಿದೆ. ಮುಗಿಸಿದರೆ ಬಾಯಿ ತೆರೆಯಬೇಕಾಗುತ್ತದೆ, ಅದಕ್ಕೇ ಮುಗಿಸುತ್ತಿಲ್ಲ. ಹಲ್ಲು ಹೋದ ಜಾಗದ ಹಿಂದೆ ನಾಲಿಗೆಗೆ ಒರಟಾಗಿ ಏನೋ ತಗಲುತ್ತಿದೆ. ನಿನ್ನೆ ಅದು ಇರಲಿಲ್ಲ. ಅಥವಾ ನಿನ್ನೆ ನಾನದನ್ನು ಬರೆದಿರಲಿಲ್ಲ.

(ನೀವೂ ಈಗ ನಾಲಿಗೆ ಆಡಿಸಿ ನೋಡಿಕೊಂಡಿರಿ. ಗೊತ್ತು.)

೪

ಟಾರ್ಚ್ ಹೊತ್ತಿತು. "ತಡಿಯೇ!" ಎಂದು ಕೂಗಿದೆ. ಕೂಗಲು ಬಾಯಿ ತೆರೆಯಲೇಬೇಕಾಯಿತು. ಬೆಳಕು ಒಳಗೆ ಬಿತ್ತು. ತಂಗಿ ಬಗ್ಗಿ ನೋಡಿದಳು, ಇನ್ನೂ ನೋಡುತ್ತಿದ್ದಾಳೆ. ಈಗ ಏನೋ ಹೇಳಲು ಹೊರಟಿದ್ದಾಳೆ.

ನಾನು ಬರೆಯುತ್ತಲೇ ಇದ್ದೇನೆ.